ಸುಂಕಲಮ್ಮ ಹಾಕಿದ ಚಿಲಕ

ಹೋದ ವರ್ಷದವರೆಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಯಾರ ಮನೆಗೆ ಹೊಸ ಕೂಸು ಬಂದರೂ ಸುಂಕಲಮ್ಮನಿಗೆ ಫೋನು ಬರುತ್ತಿತ್ತು. ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಕೂಸಿಗೆ ಎರೆಯುವುದು, ಇಬ್ಬರನ್ನೂ ಲೋಬಾನದ ಹೊಗೆಯಲ್ಲಿ ಬೆಚ್ಚಗೆ ಮಾಡಿ ಮಲಗಿಸುವುದು ಅವಳ ಕಸುಬು. ಗಂಡ ತೀರಿಹೋದ ಮೇಲೆ ಹಿಡಿದ ಕೆಲಸ. ಮಗನನ್ನು ಬೆಳೆಸಿದ್ದು, ಹಳೇ ಊರಿನಲ್ಲಿ ಹೊಂಡದ ಸರ್ಕಲ್ ಹಿಂದಿನ ಗಲ್ಲಿಯ ಹೆಂಚಿನ ಮನೆ ಉಳಿಸಿಕೊಂಡದ್ದು ಎಲ್ಲ ಅದರಿಂದಲೇ. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಹೊರಟರೆ ನಾಲ್ಕಾರು ಮನೆ ಮುಗಿಸಿ ಊಟದ ಹೊತ್ತಿಗೆ ವಾಪಸ್ಸು. ಅವಳ ಸೆರಗಿಗೆ ಸದಾ ಬಜೆಯ ಮತ್ತು ಹರಳೆಣ್ಣೆಯ ವಾಸನೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುರಿದರೆ, "ನೀನೂ ಹುಟ್ಟಿದಾಗ ಹಿಂಗೇ ನಾರ್ತಿದ್ದೆ, ಸುಮ್ನೆ ಕೂಡವ್ವ" ಎಂದು ಇನ್ನಷ್ಟು ಒತ್ತಿಕೊಂಡು ಕೂರುತ್ತಿದ್ದಳು.

ಅವಳ ಕೈಗುಣ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬಾಣಂತಿ ಕೋಣೆಯೆಂದರೆ ಅವಳಿಗೆ ದೇವರ ಮನೆಗಿಂತ ಹೆಚ್ಚು. ಕಿಟಕಿ ಮುಚ್ಚಬೇಕು, ಸಂದಿಗೆ ಬಟ್ಟೆ ತುರುಕಬೇಕು. ನೀರು ಹಾಕಿಸಿಕೊಂಡ ಬಾಣಂತಿಯ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಬಾಂಡ್ಲಿ ಇಟ್ಟು, ಮೇಲೆ ಹೊದ್ದಿಕೆ ಹೊದಿಸಿ ಅವಳು ಹೊರಗೆ ಬರುತ್ತಿದ್ದಳು. ಬಂದವಳೇ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿ, ಆಮೇಲೆ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುವಳು. ಮನೆಯ ಮಕ್ಕಳು ಬಾಗಿಲು ತಳ್ಳಿಕೊಂಡು ನುಗ್ಗಬಾರದು, ಗಾಳಿ ಒಳಗೆ ಹೋಗಬಾರದು, ಅಷ್ಟೇ ಅದರ ಲೆಕ್ಕ. ಬೆವರಿ ಮಲಗಿದ ಬಾಣಂತಿಗೆ ಗಾಳಿ ಬಡಿದರೆ ಸನ್ನಿ ಹಿಡಿಯುತ್ತದೆ, ತಲೆ ಕೆಟ್ಟು ಕಿರುಚುತ್ತಾಳೆ ಎನ್ನುವುದು ಅವಳ ಅವ್ವನ ಕಾಲದಿಂದ ಬಂದ ನಂಬಿಕೆ. ಒಂದು ಮನೆಯ ಯಜಮಾನ ಮಗುವಿನ ಅಮ್ಮನನ್ನು ಮಾತಾಡಿಸಬೇಕೆಂದು ಚಿಲಕಕ್ಕೆ ಕೈ ಹಾಕಿದಾಗ, "ಒಂಬತ್ತು ತಿಂಗ್ಳು ಮಾತಾಡಿಸ್ದೋರು ಇನ್ನೊಂದು ತಾಸು ತಡ್ಕೊಳ್ರಿ ಯಜಮಾನ್ರೆ" ಎಂದು ಗದರಿ ಕಳಿಸಿದ್ದಳಂತೆ. ಆ ಮನೆಯವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಮಗ ಗುರುಮೂರ್ತಿ ಲಾರಿ ಡ್ರೈವರ್. ದಾವಣಗೆರೆಯ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ಕೋಳಿ ಆಹಾರದ ಮಿಲ್ಲುಗಳಿಗೆ ಹೋಗುವವನು. ಹೋದರೆ ಬರುವುದು ವಾರ ಕಳೆದ ಮೇಲೆ. ತಡವಾಗಿ ಮದುವೆಯಾಯಿತು. ಹುಡುಗಿ ಹರಿಹರದವಳು, ರೂಪಶ್ರೀ. ಅವಳಿಗಿದು ಎರಡನೆಯ ಮದುವೆ. ಇವರಲ್ಲಿ ಅದಕ್ಕೆ ಉಡಿಕೆ ಎನ್ನುತ್ತಾರೆ: ವಾಲಗವಿಲ್ಲ, ಚಪ್ಪರವಿಲ್ಲ, ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿ ತಾಳಿ ಕಟ್ಟಿದರೆ ಮುಗಿಯಿತು. ರೂಪಶ್ರೀಗೆ ತಂದೆ ತಾಯಿ ಇಲ್ಲ. ಅಣ್ಣ ಪರಶುರಾಮನೇ ಮಾತಿಗೆ ಕೂತವನು. "ಮೊದಲಿನ ಗಂಡ ಸರಿ ಇರ್ಲಿಲ್ಲ" ಎಂದಷ್ಟೇ ಹೇಳಿದ. ಹಿರಿಯರು ತಲೆಯಾಡಿಸಿದರು. ಸರಿ ಇಲ್ಲದ ಗಂಡಂದಿರು ಊರ ತುಂಬ ಇರುವುದರಿಂದ ಯಾರೂ ಹೆಚ್ಚಿಗೆ ಕೇಳಲಿಲ್ಲ.

ಸುಂಕಲಮ್ಮ ಮಾತ್ರ ರೂಪಶ್ರೀ ಬಂದ ವಾರದಲ್ಲೇ ಗಮನಿಸಿದಳು. ಸೊಸೆ ಬಚ್ಚಲಿಗೆ ಹೋದರೆ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಬೀದಿಯಲ್ಲಿ ಯಾರಾದರೂ ಜೋರಾಗಿ ಕದ ಬಡಿದರೆ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತುಬಿಡುತ್ತಿತ್ತು. ಮೊದಮೊದಲು ಅತ್ತೆಗೆ ಇದು ಬಿಂಕದಂತೆ ಕಂಡು ರೇಗಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ತಾನೇ ಹೋಗಿ ಬಚ್ಚಲ ಮುಂದೆ ಬೆನ್ನು ಹಾಕಿ ಕೂತಳು. ಕೂತು ಸೊಪ್ಪು ಸೋಸಿದಳು. ಅಂದಿನಿಂದ ಅದೇ ರೂಢಿಯಾಯಿತು. ಯಾಕೆಂದು ಇವಳು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಒಂದು ಮಧ್ಯಾಹ್ನ ಇಬ್ಬರೂ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ರೂಪಶ್ರೀ ತಲೆ ಎತ್ತದೆ ಶುರು ಮಾಡಿದಳು.

"ಮೊದ್ಲಿನವ ಹೊರಗಿಂದ ಚಿಲಕ ಹಾಕಿ ಹೋಗ್ತಿದ್ದ ಅತ್ತೆ. ಮೊದ್ಲು ಕೆಲ್ಸಕ್ಕೆ ಹೋಗುವಾಗ ಅಷ್ಟೇ. ಆಮೇಲೆ ಸಿಟ್ಟು ಬಂದಾಗೆಲ್ಲ. ಒಂದ್ಸಲ ಹಂಗೇ ಹಾಕಿ ಬ್ಯಾರೆ ಊರಿಗೆ ಹೋಗ್ಬಿಟ್ಟ. ಕೊಡದಾಗಿನ ನೀರು ಮುಗಿದುಹೋತು. ಕೂಗಿ ಕೂಗಿ ಗಂಟ್ಲು ಕಟ್ತು. ಕರೆಂಟ್ ಮೀಟರ್ ನೋಡಾಕೆ ಬಂದೋನು ಸದ್ದು ಕೇಳಿ ತೆಗೆದ."

ಸುಂಕಲಮ್ಮನ ಕೈ ಮೊರದಲ್ಲಿ ನಿಂತಿತು.

"ಅವ ಬಾಗ್ಲು ತೆಗೆದಾಗೆಲ್ಲ ನಾನೇ ತಪ್ಪಾತು ಅನ್ಬೇಕಿತ್ತು. ಏನ್ ತಪ್ಪು ಅಂತ ಕೇಳಂಗಿರ್ಲಿಲ್ಲ. ಇದನ್ನ ಅಣ್ಣಂಗೂ ಪೂರಾ ಹೇಳಿಲ್ಲ. ನಿಮ್ಮ ಮಗಂಗೂ ಹೇಳಬ್ಯಾಡ್ರಿ. ಅವ್ರು ಒಳ್ಳೇರು, ಆದ್ರೆ ಅವ್ರ ಕಣ್ಣಾಗೆ ನಾನು ಅಂಥಾಕೆ ಆಗೋದು ಬ್ಯಾಡ."

"ನನ್ನ ಬಾಯಿಂದ ಹೊರಗೆ ಬೀಳಂಗಿಲ್ಲ ತಗ" ಎಂದಳು ಸುಂಕಲಮ್ಮ. ಗುರುಮೂರ್ತಿ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇರಿಂಗು ಹಿಡಿದರೆ ದಾವಣಗೆರೆಯಿಂದ ಸೇಲಂವರೆಗೆ ಮನೆಯ ಕಥೆಯನ್ನೆಲ್ಲ ಕ್ಲೀನರನಿಗೆ ಒಪ್ಪಿಸುವ ಜಾತಿ. ಅವನಿಗೆ ಹೇಳದಿರುವುದೇ ಸರಿ ಎಂದು ಅವಳಿಗೂ ಅನಿಸಿತು. ಆ ದಿನದ ಅಕ್ಕಿಯಲ್ಲಿ ಕಲ್ಲು ಉಳಿದು ರಾತ್ರಿ ಊಟದಲ್ಲಿ ಹಲ್ಲಿಗೆ ಸಿಕ್ಕವು.

ರೂಪಶ್ರೀ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಅವ್ವನಿಲ್ಲದ ತವರಿನಲ್ಲಿ ಬಾಣಂತನ ಮಾಡುವವರು ಯಾರು? ಅಣ್ಣನ ಹೆಂಡತಿ ಪುಷ್ಪಲತಾ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿ, ಅವಳಿಗಿನ್ನೂ ಮಕ್ಕಳಿಲ್ಲ. "ಊರ ಬಾಣಂತೇರನ್ನೆಲ್ಲ ನೋಡೋಳಿಗೆ ಮನಿ ಬಾಣಂತಿ ಭಾರ ಆಗ್ತಾಳೇನು?" ಎಂದು ಸುಂಕಲಮ್ಮ ಸೊಸೆಯನ್ನು ಇಲ್ಲೇ ಇಟ್ಟುಕೊಂಡಳು. ಹಾಗೆ ಹೇಳುವಾಗ ಅವಳಿಗೆ ಎಷ್ಟು ಹೆಮ್ಮೆ ಇತ್ತೆಂದರೆ, ಎದುರು ಮನೆಯ ದ್ಯಾಮವ್ವನ ಹೊಟ್ಟೆಯಲ್ಲಿ ಖಾರ ಕಲಸಿದಂತಾಯಿತು.

ಹೆಣ್ಣು ಕೂಸು ಹುಟ್ಟಿತು. ಮನೆಗೆ ಬಂದ ಮೊದಲ ದಿನವೇ ಸುಂಕಲಮ್ಮ ತನ್ನ ಕಸುಬಿನ ಕಟ್ಟಳೆಯನ್ನು ತಾನೇ ಮುರಿದಳು. ಬಾಣಂತಿ ಕೋಣೆಯ ಬಾಗಿಲು ಮುಚ್ಚಲಿಲ್ಲ. ಚೌಕಟ್ಟಿಗೆ ದಪ್ಪನೆಯ ಕಂಬಳಿ ಇಳಿಬಿಟ್ಟಳು. ಒಳಗಿನಿಂದ ಕೈ ಚಾಚಿದರೆ ಸರಿಯುವಂಥದ್ದು. ಕಿಟಕಿಯನ್ನು ಒಂದು ಬೆರಳಗಲ ತೆರೆದಿಟ್ಟಳು. "ಕೂಗಿದ್ರೆ ಇಲ್ಲೇ ಇರ್ತೀನಿ" ಎಂದು ಪ್ರತಿದಿನ ಹೇಳಿಯೇ ಬಚ್ಚಲಿಗೆ ಹೋಗುತ್ತಿದ್ದಳು. ದ್ಯಾಮವ್ವ ಬಂದು ಕಂಬಳಿ ನೋಡಿ ಗಲ್ಲಕ್ಕೆ ಕೈ ಇಟ್ಟುಕೊಂಡಳು.

"ಅಲ್ಲ ಸುಂಕಲಕ್ಕ, ಊರೋರಿಗೆಲ್ಲ ಬಾಗ್ಲು ಹಾಕ್ರಿ ಬಾಗ್ಲು ಹಾಕ್ರಿ ಅಂತ ಬಡ್ಕೊಂತಿ. ಸೊಸಿಗೆ ಮಾತ್ರ ಗಾಳಿಗೆ ಬಿಟ್ಟೀಯಲ್ಲ?"

"ನಮ್ಮ ಮನಿ ಗಾಳಿ ನಮ್ಮ ಮಾತು ಕೇಳ್ತೈತೆ. ನೀನು ಚಾ ಕುಡೀತೀಯೋ ಇಲ್ಲೋ ಹೇಳು" ಎಂದು ಸುಂಕಲಮ್ಮ ಮಾತು ಹಾರಿಸಿದಳು.

ಕೆಲವು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ರೂಪಶ್ರೀ ಎಣ್ಣೆ ತಿಕ್ಕಿಸಿಕೊಳ್ಳುವಾಗ ಕಣ್ಣು ಮುಚ್ಚುತ್ತಿದ್ದಳು. ಅವಳು ಕಣ್ಣು ಮುಚ್ಚಿ ಮೈ ಬಿಟ್ಟದ್ದನ್ನು ಸುಂಕಲಮ್ಮ ಅದೇ ಮೊದಲು ನೋಡಿದ್ದು. ಒಮ್ಮೆ ಬಿಸಿನೀರು ಬೆನ್ನ ಮೇಲೆ ಬೀಳುತ್ತಿರುವಾಗ, "ನಮ್ಮವ್ವ ಇದ್ದಿದ್ರೆ ಹಿಂಗೇ ಹಾಕ್ತಿದ್ಲೇನೋ" ಎಂದಳು. ಸುಂಕಲಮ್ಮ ತಂಬಿಗೆ ಎತ್ತಲಾಗದೆ ಬಚ್ಚಲ ಕಲ್ಲಿನ ಮೇಲೆ ಕೂತುಕೊಂಡಳು. ಅಷ್ಟು ಮನೆಗಳಲ್ಲಿ ಅಷ್ಟು ಹೆಣ್ಣುಮಕ್ಕಳಿಗೆ ನೀರು ಹಾಕಿದ್ದಳು, ಸೀರೆ ಕೊಟ್ಟಿದ್ದರು, ಅಡಿಕೆ ಎಲೆ ಕೊಟ್ಟಿದ್ದರು. ಇಂಥ ಮಾತು ಯಾರೂ ಕೊಟ್ಟಿರಲಿಲ್ಲ.

ಅದು ನಡೆದ ದಿನ ಮಾಗಿಯ ಗಾಳಿ ಜೋರಾಗಿತ್ತು. ಹಿಂದಿನ ದಿನ ಕಂಬಳಿಗೆ ಕೂಸಿನ ಎಣ್ಣೆಯ ಬಟ್ಟಲು ಮಗುಚಿ ಬಿದ್ದಿತ್ತು. ತೊಳೆದು ಹಿತ್ತಲಲ್ಲಿ ಹಾಕಿದ್ದು ಒಣಗಿರಲಿಲ್ಲ. ಕೂಸಿಗೆ ಮೂಗು ಕಟ್ಟಿ ಗೊರಗೊರ ಎನ್ನುತ್ತಿತ್ತು. ಗುರುಮೂರ್ತಿ ಬರುವ ದಿನ, ಅಡುಗೆ ಆಗಿರಲಿಲ್ಲ. ಸುಂಕಲಮ್ಮ ರೂಪಶ್ರೀಗೆ ನೀರು ಹಾಕಿ, ಕಿವಿಗೆ ಅರಳೆ ಇಟ್ಟು, ಹೊರಸಿನ ಮೇಲೆ ಮಲಗಿಸಿ ಹೊದಿಸಿದಳು. ಅವಳು ಆಗಲೇ ಜೋಂಪಿಗೆ ಜಾರಿದ್ದಳು. ಹೊಗೆ ಬಾಗಿಲ ಕಡೆಗೆ ಹೊರಟಿತು. ಒಂದು ಗಾಳಿ ಬಂದು ಬಾಂಡ್ಲಿಯ ಬೂದಿ ಮೇಲೆದ್ದಿತು. ಕೂಸು ಬಚ್ಚಲ ಹತ್ತಿರ ಬಟ್ಟೆಯ ಮೇಲೆ ಮಲಗಿ ಕಿರುಚುತ್ತಿತ್ತು. ಸುಂಕಲಮ್ಮ ಬಾಗಿಲೆಳೆದಳು. ಎಳೆದದ್ದಷ್ಟೇ ಅವಳಿಗೆ ನೆನಪಿತ್ತು. ಚಿಲಕ ಹಾಕಿದ್ದು ಅವಳಲ್ಲ, ಅವಳ ಕೈ. ಅಷ್ಟು ವರ್ಷ, ಅಷ್ಟು ಮನೆಗಳಲ್ಲಿ, ಬಾಗಿಲೆಳೆದ ಮೇಲೆ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಹಾಗೆಂದು ತಪ್ಪು ಕೈಯದು ಎಂದು ಬಿಟ್ಟುಬಿಡಲು ಬರುತ್ತದೆಯೇ? ಲೋಕದಲ್ಲಿ ಆ ಹುಡುಗಿಯ ಸಂಗತಿ ಗೊತ್ತಿದ್ದದ್ದು ಇವಳೊಬ್ಬಳಿಗೆ.

ಬಚ್ಚಲಲ್ಲಿ ನೀರಿನ ಸದ್ದು, ಕೂಸಿನ ಅಳು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಎರೆಯುತ್ತಿದ್ದ ಸುಂಕಲಮ್ಮನಿಗೆ ಬೇರೇನೂ ಕೇಳಲಿಲ್ಲ. ಕೂಸು ಸುಮ್ಮನಾದ ಮೇಲೆ ಕೇಳಿತು. ಯಾರೋ ಮರವನ್ನು ಗುದ್ದುತ್ತಿದ್ದರು. ಆಮೇಲೆ ಒಂದು ಕೂಗು, ಗಲ್ಲಿಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು. ಒದ್ದೆ ಕೂಸನ್ನು ಎದೆಗವಚಿಕೊಂಡು ಓಡಿ ಬಂದು ನೋಡಿದರೆ ಚಿಲಕ ಬಿದ್ದಿದೆ.

ತೆಗೆದಾಗ ರೂಪಶ್ರೀ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆಯ ಬಟ್ಟೆ ಬಿಚ್ಚಿ ಬಿದ್ದಿತ್ತು, ಬೆರಳ ತುದಿಯಲ್ಲಿ ರಕ್ತ. ಬಾಗಿಲಲ್ಲಿ ನಿಂತ ಸುಂಕಲಮ್ಮನನ್ನು ನೋಡಿ ಎರಡೂ ಕೈ ಜೋಡಿಸಿದಳು.

"ತಪ್ಪಾತು. ತಪ್ಪಾತು. ಇನ್ನ ಮಾಡಂಗಿಲ್ಲ. ತಪ್ಪಾತು."

"ರೂಪಾ, ನಾನವ್ವ. ನಾನು, ನಿಮ್ಮತ್ತಿ" ಎಂದು ಸುಂಕಲಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಅವಳು ಗೋಡೆಗೆ ಇನ್ನಷ್ಟು ಅಂಟಿಕೊಂಡು, "ಇನ್ನ ಮಾಡಂಗಿಲ್ಲ" ಎನ್ನುತ್ತಲೇ ಇದ್ದಳು. ತಾನು ಕೇಳಬೇಕಾದ ಕ್ಷಮೆಯನ್ನು ಆ ಹುಡುಗಿ ತನ್ನನ್ನೇ ಕೇಳುತ್ತಿರುವುದನ್ನು ಸುಂಕಲಮ್ಮ ನಿಂತು ನೋಡಿದಳು. ಅವಳ ಬದುಕಿನಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ, ಗಂಡ ಸತ್ತ ದಿನವೂ ಸೇರಿ.

ಅಷ್ಟರಲ್ಲಿ ದ್ಯಾಮವ್ವ ಮತ್ತು ಗಲ್ಲಿಯ ಅರ್ಧ ಹೆಂಗಸರು ಒಳಗೆ ಬಂದಿದ್ದರು. ಕೂಗಿದ ಬಾಣಂತಿ, ಕೆದರಿದ ಕೂದಲು, ಕಂಬಳಿಯಿಲ್ಲದ ಬಾಗಿಲು ಎಲ್ಲ ನೋಡಿದರು. ದ್ಯಾಮವ್ವನಿಗೆ ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸನ್ನಿ ಹಿಡೀತು. ನಾ ಹೇಳಿರ್ಲಿಲ್ಲೇನು? ಬಾಗ್ಲು ತೆರೆದಿಟ್ಟು ತೆರೆದಿಟ್ಟು ಗಾಳಿ ಬಡೀತು."

ಸುಂಕಲಮ್ಮ ಬಾಯಿ ತೆರೆದಳು. ಗಾಳಿಯಲ್ಲ, ಬಾಗಿಲು ತೆರೆದದ್ದಲ್ಲ, ಹಾಕಿದ್ದು ಎಂದು ಹೇಳಬಹುದಿತ್ತು. ಹೇಳಿದರೆ, ಬಾಗಿಲು ಹಾಕಿದ್ದಕ್ಕೆ ಯಾರಾದರೂ ಹೀಗಾಗುತ್ತಾರೇನು ಎಂದು ಅವರು ಕೇಳುತ್ತಿದ್ದರು. ಅದಕ್ಕೆ ಉತ್ತರ ಅವಳ ಹತ್ತಿರ ಇತ್ತು. ಅವಳು ಬಾಯಿ ಮುಚ್ಚಿದಳು. ಕೂಸಿಗೆ ಬಟ್ಟೆ ಸುತ್ತಿ, "ಎಲ್ರೂ ನಡೀರಿ ಹೊರಗೆ" ಎಂದಳು.

ಮಧ್ಯಾಹ್ನ ಗುರುಮೂರ್ತಿ ಬಂದ. ಹೆಂಡತಿ ಕೂಸಿಗೆ ಹಾಲು ಕೊಡುವಾಗ ಬಿಟ್ಟರೆ ತಲೆ ಬಾಗಿಲ ಹೊಸ್ತಿಲ ಹತ್ತಿರವೇ ಕೂತಿದ್ದಳು, ಒಂದು ಕಾಲು ಹೊರಗಿಟ್ಟು.

"ಏನಾತವ್ವ? ಸರಿಯಾಗಿ ಹೇಳು" ಎಂದ.

"ಏನೋ ಹೆದರ್ಕೊಂಡ್ಲು."

"ಗಲ್ಲಿಯೋರೆಲ್ಲ ಸನ್ನಿ ಅಂತಾರೆ. ಊರಿಗೆಲ್ಲ ಬುದ್ಧಿ ಹೇಳೋಳು ನೀನು, ಮನಿಯಾಗೆ ಬಾಗ್ಲು ಯಾಕ ತೆರೆದಿಟ್ಟಿದ್ದಿ?"

ಅವಳು ಕೂಸಿನ ಬಟ್ಟೆ ಮಡಚತೊಡಗಿದಳು. ಮಗ ಅವ್ವನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವನ ಸಿಟ್ಟಿನಲ್ಲಿ ಅವನ ದೃಷ್ಟಿಯಿಂದ ತಪ್ಪೇನೂ ಇರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಮರುದಿನ ಬೆಳಿಗ್ಗೆ ಸುಂಕಲಮ್ಮ ಇನ್ನೊಂದು ತಪ್ಪು ಮಾಡಿದಳು. ರಾತ್ರಿಯೆಲ್ಲ ಒದ್ದಾಡಿದವಳಿಗೆ ಏನಾದರೂ ಮಾಡಲೇಬೇಕು ಎನಿಸಿತ್ತು. ಸುತ್ತಿಗೆ ತಗೊಂಡು ಬಾಣಂತಿ ಕೋಣೆಯ ಬಾಗಿಲಿನ ಚಿಲಕವನ್ನು ಹೊಡೆದು ಹೊಡೆದು ಕಿತ್ತಳು. ಕಿತ್ತದ್ದನ್ನು ಅಂಗೈಯಲ್ಲಿ ಹಿಡಿದು ಸೊಸೆಯ ಮುಂದೆ ಹೋಗಿ ನಿಂತಳು.

"ನೋಡವ್ವ, ಕಿತ್ತು ಹಾಕಿದೆ. ಇನ್ನ ಈ ಮನಿಯಾಗೆ ಇದು ಇರಂಗಿಲ್ಲ."

ಅವಳ ಲೆಕ್ಕದಲ್ಲಿ ಅದು ಕ್ಷಮೆ ಕೇಳಿದ್ದು. ರೂಪಶ್ರೀಗೆ ಕಂಡದ್ದು ಬೇರೆ: ಸುತ್ತಿಗೆಯ ಏಟುಗಳಾದ ಮೇಲೆ, ಚಿಲಕ ಹಿಡಿದು ತನ್ನ ಕಡೆ ಬರುತ್ತಿರುವ ಕೈ. ಕೂಸನ್ನು ಅವಚಿಕೊಂಡು ಅವಳು ಬೀದಿಗೆ ಇಳಿದುಬಿಟ್ಟಳು. ಗುರುಮೂರ್ತಿ ಹಿಂದೆ ಓಡಿದ. ಮಧ್ಯಾಹ್ನಕ್ಕೆ ಪರಶುರಾಮ ಹರಿಹರದಿಂದ ಆಟೋ ಮಾಡಿಕೊಂಡು ಬಂದು ತಂಗಿಯನ್ನೂ ಕೂಸನ್ನೂ ಕರೆದುಕೊಂಡು ಹೋದ. ಹೋಗುವಾಗ ಬೀಗರ ಮುಖ ನೋಡಲು ಅವನಿಗೆ ಮುಜುಗರ. "ಒಂದಿಷ್ಟು ದಿನ ಇದ್ದು ಬರ್ಲಿ ಅಮ್ಮ" ಎಂದಷ್ಟೇ ಹೇಳಿದ. ಎರಡು ದಿನ ಬಿಟ್ಟು ಗುರುಮೂರ್ತಿಗೂ ಲೋಡು ಬಂತು.

ಮನೆ ಖಾಲಿಯಾಯಿತು. ಹಂಡೆಯ ಕೆಳಗೆ ಬೆಂಕಿ ಹಾಕುವ ಕೆಲಸವೂ ಉಳಿಯಲಿಲ್ಲ, ಒಬ್ಬಳ ಮೈಗೆ ಎಷ್ಟು ನೀರು ಬೇಕು? ಕೆಲಸದ ಮನೆಗಳಿಗಾದರೂ ಹೋಗೋಣವೆಂದರೆ ಫೋನು ಬರುವುದು ಕಡಿಮೆಯಾಯಿತು. ಹಳೇ ಊರಿನ ಸುದ್ದಿ ನಿಜಲಿಂಗಪ್ಪ ಬಡಾವಣೆಗೆ ತಲುಪಲು ಮುಸುರೆ ತಿಕ್ಕುವ ಹೆಂಗಸರಿಗಿಂತ ಬೇರೆ ಟಪಾಲು ಬೇಕೇ? ಒಂದು ಮನೆಯವರು ಡಾಕ್ಟರು ಎಣ್ಣೆ ನೀರು ಬೇಡ ಅಂದರು ಎಂದರು. ಇನ್ನೊಂದು ಮನೆಯ ಅಜ್ಜಿ ನೇರವಾಗಿ, "ನಿನ್ನ ಸೊಸಿಗೇ ಸನ್ನಿ ಹಿಡೀತಂತಲ್ಲ ಸುಂಕಲಮ್ಮ, ನಮ್ಮ ಹುಡುಗಿಗೆ ಹೆದ್ರಿಕೆ ಆಗ್ತೈತೆ" ಎಂದಳು. ಆ ಅಜ್ಜಿಯ ಮೂವರು ಮೊಮ್ಮಕ್ಕಳಿಗೆ ಎರೆದವಳು ಸುಂಕಲಮ್ಮ. "ಆತ್ರಿ" ಎಂದು ಮೆಟ್ಟಿಲಿಳಿದು ಬಂದಳು. ಬಸ್ಸಿನಲ್ಲಿ ಈಗ ಕಿಟಕಿಯ ಹತ್ತಿರ ಮುದುಡಿಕೊಂಡು ಕೂರುತ್ತಿದ್ದಳು.

ದಿನಕ್ಕೊಮ್ಮೆ ಹರಿಹರಕ್ಕೆ ಫೋನು ಮಾಡುತ್ತಿದ್ದಳು. ಎತ್ತುತ್ತಿದ್ದವಳು ಪುಷ್ಪಲತಾ. ಕೂಸು ಹಾಲು ಕುಡಿಯುತ್ತದೆ, ರೂಪಕ್ಕ ಮಲಗಿದ್ದಾಳೆ, ಇಷ್ಟೇ. ಒಂದು ದಿನ, "ದವಾಖಾನಿಗೆ ಹೋಗಿದ್ವಿ ಅಮ್ಮ. ಮಾತ್ರೆಗಿಂತ ಮಾತೇ ಜಾಸ್ತಿ ಆಡ್ಸೋ ಡಾಕ್ಟರಮ್ಮ ಒಬ್ರು ಇದಾರೆ. ಅಕ್ಕ ಅವ್ರ ಹತ್ರ ಮಾತಾಡಿದ್ಲು" ಎಂದಳು. ಸುಂಕಲಮ್ಮನಿಗೆ ಜೀವ ಬಂದಂತಾಯಿತು. ಆ ಖುಷಿಯ ಹಿಂದೆಯೇ ಒಂದು ಸಣ್ಣ ಸಂಕಟವೂ ಬಂತು. ಆ ಮಾತು ಕೇಳಲು ಮೊದಲು ನಾನೊಬ್ಬಳೇ ಇದ್ದೆ ಎಂದುಕೊಂಡಳು. ಸಂಜೆ ದ್ಯಾಮವ್ವ ಬಂದು, ಲೋಕಿಕೆರೆ ಕಡೆ ಸನ್ನಿ ಬಿಡಿಸುವವನೊಬ್ಬ ಇದ್ದಾನೆ, ನಿಂಬೆಹಣ್ಣು ಮಂತ್ರಿಸಿ ಕೊಡುತ್ತಾನೆ ಎಂದು ಶುರು ಮಾಡಿದಳು. ಸುಂಕಲಮ್ಮ ಅವಳನ್ನು ಎಷ್ಟು ಜೋರಾಗಿ ಬೈದಳೆಂದರೆ ಆಮೇಲೆ ದ್ಯಾಮವ್ವನೂ ಬರುವುದು ಬಿಟ್ಟಳು. ಬೈದದ್ದಕ್ಕೆ ಸುಂಕಲಮ್ಮನಿಗೆ ಬೇಜಾರಾಗಲಿಲ್ಲ. ಆದರೆ ಸಂಜೆಗಳು ಇನ್ನಷ್ಟು ಉದ್ದವಾದವು.

ಚಳಿ ಮುಗಿದು ಬಿಸಿಲೇರುವ ಹೊತ್ತಿಗೆ ಒಂದು ಫೋನು ಬಂತು. ಈ ಸಲ ರೂಪಶ್ರೀಯದೇ ದನಿ.

"ನಾಳೆ ಬರ್ತೀರಾ ಅತ್ತೆ? ಬಂದ್ರೆ ಬರ್ರಿ."

ಬಾ ಎಂದದ್ದೋ, ಬರದಿದ್ದರೂ ನಡೆಯುತ್ತದೆ ಎಂದದ್ದೋ, ಸುಂಕಲಮ್ಮ ಮತ್ತೆ ಕೇಳಲು ಹೋಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದಳು. ಕೂಸಿಗೆಂದು ಕುಲಾವಿ ಹೊಲಿಸಿಟ್ಟಿದ್ದಳು, ಅದನ್ನು ಚೀಲಕ್ಕೆ ಹಾಕಿಕೊಂಡಳು. ಎಣ್ಣೆಯ ಸೀಸೆ ತಗೊಂಡವಳು ಮತ್ತೆ ಯೋಚಿಸಿ ಅದನ್ನು ಗೂಡಿಗೇ ಇಟ್ಟಳು. ಹರಿಹರದ ಸ್ಟ್ಯಾಂಡಿನಲ್ಲಿ ಇಳಿದು ಹೊಳೆಯ ಕಡೆಗೆ ನಡೆಯುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಬಾಗಿಲು ತಲುಪುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಪರಶುರಾಮನ ಮನೆಯ ಹಿಂದೆ ಸಣ್ಣದೊಂದು ಅಂಗಳ. ಒಂದು ಬದಿಗೆ ಬಚ್ಚಲು, ಇನ್ನೊಂದು ಬದಿಗೆ ಕರಿಬೇವಿನ ಗಿಡ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ರೂಪಶ್ರೀ ಕೂತಿದ್ದಳು. ಸ್ವಲ್ಪ ಮೈ ತುಂಬಿತ್ತು. ಪುಷ್ಪಲತಾ, "ಬರ್ರಿ ಅಮ್ಮ, ಕೂಡ್ರಿ" ಎಂದು ಕುರ್ಚಿ ತರಲು ಹೋದಳು. ಸುಂಕಲಮ್ಮ ಮೆಟ್ಟಿಲ ಕಡೆ ಹೆಜ್ಜೆ ಹಾಕಿದಳು. ರೂಪಶ್ರೀಯ ಭುಜ ತಾನಾಗಿ ಮೇಲೆದ್ದಿತು, ಕೈ ಮೆಟ್ಟಿಲ ಅಂಚನ್ನು ಹಿಡಿಯಿತು.

"ಅಲ್ಲೇ ಇರ್ರಿ ಅತ್ತೆ" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. "ಸಿಟ್ಟಿಲ್ಲ ನಂಗೆ. ದೇವ್ರಾಣೆ ಸಿಟ್ಟಿಲ್ಲ. ನೀವು ಬೇಕಂತ ಮಾಡ್ಲಿಲ್ಲ ಅಂತ ಗೊತ್ತೈತೆ. ಆದ್ರೆ ಮೈ ಕೇಳಂಗಿಲ್ಲ. ನೀವು ದೂರ ಕಂಡ್ರೆ ಏನಾಗಲ್ಲ, ಹತ್ರ ಬಂದ್ರೆ ಕೈ ಕಾಲು ನಡುಗ್ತಾವೆ. ಡಾಕ್ಟರಮ್ಮ ಅಂತಾರೆ, ಇದಕ್ಕೆ ಟೈಮ್ ಹಿಡೀತೈತಂತೆ. ಎಷ್ಟು ಅಂತ ಅವ್ರಿಗೂ ಗೊತ್ತಿಲ್ಲ."

"ಎಲ್ಲಿ ಕೂಡ್ಲಿ ಹೇಳವ್ವ" ಎಂದಳು ಸುಂಕಲಮ್ಮ.

"ಅಲ್ಲಿ, ಗಿಡದ ಕೆಳಗೆ. ನಂಗೆ ಕಾಣಂಗೆ."

ಸುಂಕಲಮ್ಮ ಕರಿಬೇವಿನ ಗಿಡದ ಕೆಳಗೆ ನೆಲದ ಮೇಲೆ ಕೂತಳು. ಕುರ್ಚಿ ಬೇಡವೆಂದಳು. ಅಷ್ಟರಲ್ಲಿ ಕೂಸಿಗೆ ಎರೆಯುವ ಹೊತ್ತಾಗಿತ್ತು. ಪುಷ್ಪಲತಾ ಬಚ್ಚಲ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮೊಬೈಲನ್ನು ಬಕೆಟ್ಟಿಗೆ ಒರಗಿಸಿ, ಅದರಲ್ಲಿ ಯಾವಳೋ ಬೊಂಬೆಗೆ ಸ್ನಾನ ಮಾಡಿಸುವುದನ್ನು ನೋಡಿಕೊಂಡು ಕೂಸಿಗೆ ನೀರು ಹಾಕತೊಡಗಿದಳು. ಬೊಂಬೆ ಅಳುವುದಿಲ್ಲ, ಕೂಸು ಅಳುತ್ತದೆ, ಅದು ಆ ಮೊಬೈಲಿನವಳಿಗೆ ಗೊತ್ತಿರಲಿಲ್ಲ.

ಸುಂಕಲಮ್ಮನಿಗೆ ಬಚ್ಚಲ ಒಳಗಿನದು ಕಾಣುತ್ತಿರಲಿಲ್ಲ. ಅಳು ಮಾತ್ರ ಕೇಳುತ್ತಿತ್ತು. ಅದು ಹಸಿವಿನದಲ್ಲ, ನೀರಿನ ಬಿಸಿಯದೂ ಅಲ್ಲ. ಕೂಸನ್ನು ಅಂಗಾತ ಹಿಡಿದಿದ್ದಾಳೆ, ಬೀಳುತ್ತೇನೆಂದು ಅದಕ್ಕೆ ದಿಗಿಲು. ಸುಂಕಲಮ್ಮನ ಒಂದು ಕೈ ನೆಲಕ್ಕೆ ಊರಿತು, ಮೊಣಕಾಲು ಎದ್ದಿತು. ಓಡಿಹೋಗಿ ಕಾಲು ಚಾಚಿ ಕೂತು ಕೂಸನ್ನು ಬೋರಲು ಹಾಕಿಕೊಂಡರೆ ಎರಡು ತಂಬಿಗೆಯಲ್ಲಿ ಸುಮ್ಮನಾಗುತ್ತದೆ. ಬಚ್ಚಲಿಗೆ ಹೋಗಬೇಕೆಂದರೆ ರೂಪಶ್ರೀ ಕೂತ ಮೆಟ್ಟಿಲನ್ನು ಹಾದು ಹೋಗಬೇಕು. ಸುಂಕಲಮ್ಮ ಮೊಣಕಾಲು ಇಳಿಸಿದಳು. ಅಳು ಏರುತ್ತಾ ಹೋಯಿತು. ತನ್ನ ಮೊಮ್ಮಗಳು ನಾಲ್ಕು ಮಾರು ದೂರದಲ್ಲಿ ಹೆದರಿ ಅಳುತ್ತಿರುವಾಗ ಸುಮ್ಮನೆ ಕೂರುವುದಿದೆಯಲ್ಲ, ಆ ಕಸುಬನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಅಮ್ಮ, ಯಾಕ ಹಿಂಗೆ ಅಳ್ತಾಳೆ ಇವ್ಳು?" ಪುಷ್ಪಲತಾ ಒಳಗಿನಿಂದ ಕೂಗಿದಳು.

ಸುಂಕಲಮ್ಮ ರೂಪಶ್ರೀಯ ಮುಖ ನೋಡಿದಳು. "ಬರ್ಲೇನವ್ವ?"

ರೂಪಶ್ರೀ ಬಚ್ಚಲ ಕಡೆ ನೋಡಿದಳು. ತುಟಿ ಕಚ್ಚಿ ತಲೆ ಆಡಿಸಿದಳು. "ಬ್ಯಾಡ್ರಿ. ಅಲ್ಲಿಂದನೇ ಹೇಳ್ರಿ."

"ಬೋರಲು ಹಾಕ್ಕೊಳ್ಳೇ ಪುಷ್ಪಾ" ಎಂದು ಸುಂಕಲಮ್ಮ ಕೂತಲ್ಲಿಂದಲೇ ಕೂಗಿದಳು. "ಕಾಲು ಉದ್ದ ಚಾಚು. ಎರಡೂ ಕಾಲಿನ ನಡುವೆ ಅದರ ಹೊಟ್ಟಿ ಬರ್ಲಿ. ತಲಿ ಒಂದು ಬದಿಗೆ ತಿರುಗ್ಸು, ಮೂಗು ಖಾಲಿ ಇರ್ಲಿ. ಬೆನ್ನ ಮ್ಯಾಲೆ ನಿನ್ನ ಕೈ ಇಡು, ಎತ್ತಬ್ಯಾಡ. ಕೈ ಐತೆ ಅಂತ ಅದಕ್ಕೆ ಗೊತ್ತಾಗ್ಬೇಕು. ಈಗ ನೀರು ಹಾಕು. ಬೆನ್ನಿಗೆ ಮೊದ್ಲು."

ನೀರಿನ ಸದ್ದು ಕೇಳಿತು. ಅಳು ಇನ್ನೊಮ್ಮೆ ಏರಿ, ಇಳಿದು, ಬಿಕ್ಕಳಿಕೆಯಾಗಿ, ನಿಂತಿತು.

ಆಮೇಲೆ ರೂಪಶ್ರೀ ಕೇಳಿದಳು.

"ಗಲ್ಲಿಯಾಗೆ ಸನ್ನಿ ಅಂತ ಅಂದ್ಕೊಂಡಾರಂತಲ್ಲ. ನಿಮ್ಮಿಂದ ಹಂಗಾತು ಅಂತ. ಕೆಲ್ಸದ ಮನಿಗಳೂ ಬಿಟ್ವಂತೆ, ನಿಮ್ಮ ಮಗ ಫೋನಿನಾಗೆ ಹೇಳಿದ್ರು. ಬಾಗ್ಲು ತೆರೆದಿದ್ದಕ್ಕಲ್ಲ ಅಂತ ನೀವ್ಯಾಕ ಒಂದು ಮಾತು ಹೇಳ್ಲಿಲ್ಲ?"

"ಹೇಳಿದ್ರೆ ಮತ್ಯಾಕೆ ಅಂತ ಕೇಳ್ತಿದ್ರಲ್ಲವ್ವ."

"ಅದಕ್ಕೆ?"

"ಅದು ನಿಂದು. ನಂದಲ್ಲ, ಹೇಳಾಕೆ."

ರೂಪಶ್ರೀ ಮುಖಕ್ಕೆ ಸೆರಗು ಒತ್ತಿಕೊಂಡಳು. ಪುಷ್ಪಲತಾ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಅವಳ ಕೈಗೆ ಕೊಟ್ಟು, ಒದ್ದೆ ಸೀರೆ ಬದಲಿಸಲು ಒಳಗೆ ಹೋದಳು. ರೂಪಶ್ರೀ ಕೂಸನ್ನು ಎತ್ತಿಕೊಂಡು ಮೆಟ್ಟಿಲಿಂದ ಎದ್ದಳು. ಗಿಡದ ಕಡೆಗೆ ನಡೆದು ಬಂದಳು. ಅರ್ಧ ಅಂಗಳ ದಾಟುವಷ್ಟರಲ್ಲಿ ಅವಳ ಉಸಿರು ಜೋರಾಯಿತು, ಕಾಲು ನಿಂತವು. ಇನ್ನೊಂದು ಹೆಜ್ಜೆ ಇಡಲು ನೋಡಿದಳು, ಆಗಲಿಲ್ಲ. ನಿಂತಲ್ಲೇ ನೆಲದ ಮೇಲೆ ಕೂತಳು. ಇಬ್ಬರ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ ಉಳಿಯಿತು.

ಕೂಸಿನ ತಲೆ ಇನ್ನೂ ಸರಿಯಾಗಿ ಒರೆಸಿರಲಿಲ್ಲ. ನೆತ್ತಿಯ ಮೇಲೆ ನೀರು ಹೊಳೆಯುತ್ತಿತ್ತು. ಒರೆಸಬೇಕೆಂದು, ಎತ್ತಿಕೊಳ್ಳಬೇಕೆಂದು, ಆ ಹುಡುಗಿಯ ತಲೆಯ ಮೇಲೂ ಒಮ್ಮೆ ಕೈಯಾಡಿಸಬೇಕೆಂದು ಸುಂಕಲಮ್ಮನ ಜೀವ ಒದ್ದಾಡಿತು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ನಾಳೆನೂ ಬರ್ತೀರಾ?" ರೂಪಶ್ರೀ ಕೇಳಿದಳು.

"ಬರ್ತೀನವ್ವ."

"ಇಷ್ಟೇ ದೂರ ಕೂಡ್ಬೇಕಾಗ್ತೈತೆ."

"ಕೂಡ್ತೀನಿ" ಎಂದಳು ಸುಂಕಲಮ್ಮ.